ಎಲೆಯ ತುದಿಯ ಉಪ್ಪು

ತೀರ್ಥಹಳ್ಳಿಯ ಈ ಬಾಡಿಗೆ ಮನೆಯಲ್ಲಿ ಉಣ್ಣುವವಳು ನಾನೊಬ್ಬಳೇ. ಆದರೂ ಊಟಕ್ಕೆ ಕೂರುವಾಗ ತಟ್ಟೆಯ ಎಡತುದಿಗೆ ಚಿಟಿಕೆ ಉಪ್ಪು ಬಡಿಸಿಕೊಳ್ಳುತ್ತೇನೆ. ಒಮ್ಮೆ ಮನೆಗೆ ಬಂದಿದ್ದ ನಮ್ಮ ಶಾಲೆಯ ಟೀಚರೊಬ್ಬರು, 'ಬಿಪಿ ಬರುತ್ತೆ ನೋಡಿ ಮೇಡಂ' ಅಂದರು. ಆ ಉಪ್ಪನ್ನು ನಾನು ಮುಟ್ಟುವುದೇ ಇಲ್ಲ ಅಂತ ಹೇಳಲು ಹೋಗಲಿಲ್ಲ. ಹೇಳಿದರೆ ಅಜ್ಜನ ವಿಷಯ ಎಲ್ಲ ಹೇಳಬೇಕಾಗುತ್ತಿತ್ತು.

ಅಜ್ಜ ಅಂದರೆ ಅಪ್ಪನ ಅಪ್ಪ. ಅಡುಗೆ ಭಟ್ಟ. ಇವತ್ತು ಸಾಗರದಲ್ಲಿ ಮದುವೆ, ನಾಳೆ ಹೊಸನಗರದಲ್ಲಿ ಉಪನಯನ, ನಾಡಿದ್ದು ತೀರ್ಥಹಳ್ಳಿ ಕಡೆ ಯಾರದೋ ವೈಕುಂಠ ಸಮಾರಾಧನೆ. ಹೆಗಲಿಗೆ ಬಟ್ಟೆಯ ಚೀಲ, ಅದರಲ್ಲಿ ಒಂದು ಪಂಚೆ, ಒಂದು ಸಟ್ಟುಗ. ಯಾರ ಮನೆಯಲ್ಲಿ ಎಂಥ ಸಟ್ಟುಗವಿದ್ದರೂ ಅವನಿಗೆ ತನ್ನದೇ ಆಗಬೇಕು. ಮೂವರು ಮಕ್ಕಳನ್ನು ಓದಿಸಿದ್ದು, ಕೊನೆಗೆ ನನ್ನ ಬಿಎಡ್, ಎಲ್ಲ ಆ ಸಟ್ಟುಗದಲ್ಲೇ. ಸ್ವಂತ ಮಗಳ ಮದುವೆಯ ದಿನವೂ ಒಲೆಯ ಮುಂದೆ ಇದ್ದದ್ದು ಅವನೇ. ಮುಹೂರ್ತದ ಹೊತ್ತಿಗೆ ಕೈ ಒರೆಸಿಕೊಂಡು ಬಂದು, ಧಾರೆ ಎರೆದು, ಸಾರು ಉಕ್ಕೀತು ಅಂತ ಓಡಿದನಂತೆ. ಅತ್ತೆ ಇವತ್ತಿಗೂ ಅದನ್ನು ನಗುತ್ತಲೇ ಹೇಳುತ್ತಾಳೆ. ಹೇಳಿ ಮುಗಿಸುವಾಗ ಮಾತ್ರ ನಗು ಇರುವುದಿಲ್ಲ.

ಸಾವಿರ ಜನರ ಊಟವಾದರೂ ಅಜ್ಜ ಉಣ್ಣುತ್ತಿದ್ದುದು ಕಟ್ಟಕಡೆಗೆ, ತಣ್ಣಗಾದ ಕೊಪ್ಪರಿಗೆಯ ಪಕ್ಕದಲ್ಲಿ, ಒಬ್ಬನೇ. ಪಂಕ್ತಿಯಲ್ಲಿ ಅವನು ಕೂತದ್ದನ್ನು ನಾನು ನೋಡಿದ್ದೇ ಇಲ್ಲ. ಅಜ್ಜಿ ಹೋದ ಮೇಲೆ ಮನೆಯಲ್ಲೂ ಹಾಗೆಯೇ ಆಯಿತು. ಕರೆದರೆ, 'ನಿಂಗೊ ಉಣ್ಣಿ, ಎಂಗೆ ಆಮೇಲೆ ಸಾಕು' ಅನ್ನುತ್ತಿದ್ದ.

ದೇವರ ನೈವೇದ್ಯಕ್ಕೆ ಮುಂಚೆ ಅಡುಗೆಯನ್ನು ಬಾಯಿಗೆ ಹಾಕಿ ನೋಡುವಂತಿಲ್ಲ. ಅಜ್ಜ ಉಪ್ಪು ಹಾಕುತ್ತಿದ್ದುದು ಕುದಿಯ ಹಬೆಗೆ ಮೂಗೊಡ್ಡಿ. ಬೇರೆ ಏನನ್ನಾದರೂ ಸಹಾಯಕರಿಗೆ ಬಿಟ್ಟಾನು, ಉಪ್ಪನ್ನು ಬಿಡ. 'ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ದೇವರಿಲ್ಲ' ಎಂದು ಯಾರಾದರೂ ಅಂದರೆ, ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡಿದ್ದ ಅಜ್ಜ, 'ತಾಯಿದು ಎಂಗೆ ನೆನಪಿಲ್ಲೆ, ಉಪ್ಪಿಂದು ಖರೆ' ಅನ್ನುತ್ತಿದ್ದ. ಹಾಕಿದ ಉಪ್ಪು ಸರಿಯಾಗಿತ್ತೋ ಇಲ್ಲವೋ ಎಂದು ಅವನು ಯಾರನ್ನೂ ಕೇಳುತ್ತಿರಲಿಲ್ಲ. ಕೇಳಿದರೆ ನಮ್ಮ ಜನ ನಿಜ ಹೇಳುವುದಿಲ್ಲ. ಭಟ್ಟರ ಮುಖ ನೋಡಿ 'ಅಮೃತ' ಅನ್ನುತ್ತಾರೆ. ಅದಕ್ಕೇ ಪಂಕ್ತಿ ಎದ್ದ ಮೇಲೆ ಕೈ ಹಿಂದೆ ಕಟ್ಟಿಕೊಂಡು ಉಂಡ ಎಲೆಗಳ ಸಾಲಿನಲ್ಲಿ ಒಂದು ಸುತ್ತು ಹೋಗುತ್ತಿದ್ದ. ಎಲೆಯ ಎಡತುದಿಗೆ ಮೊದಲೇ ಬಡಿಸಿದ ಉಪ್ಪು ಹಾಗೇ ಇದ್ದರೆ ಅವನು ಗೆದ್ದ. 'ಜನ ಸುಳ್ಳು ಹೇಳ್ತ, ಎಲೆ ಹೇಳ್ತಿಲ್ಲೆ' ಅನ್ನುವುದು ಅವನ ಮಾತು.

ಕೊರೋನಾ ಜ್ವರ ಬಂದು ಹೋದ ಮೇಲೆ ಒಂದು ದಿನ, ಅಜ್ಜ, ಅಪ್ಪ, ಅಮ್ಮ ಇದ್ದ ಸಾಗರದ ಮನೆಗೆ ನಾನು ಹೋಗಿದ್ದಾಗ, ಒಲೆಯ ಮೇಲಿನ ಹಾಲು ಸೀದು ಕರಿಕಾಯಿತು. ವಾಸನೆಗೆ ನಾನು ಅಂಗಳದಿಂದ ಓಡಿ ಬಂದೆ. ಅಜ್ಜ ಮೂರು ಮಾರು ದೂರದಲ್ಲಿ ಕೂತು ಬಾಳೆಎಲೆ ಒರೆಸುತ್ತಿದ್ದ. ನಮ್ಮಿಬ್ಬರ ಕಣ್ಣು ಕೂಡಿತು. 'ಯಾರಿಗೂ ಹೇಳಡ' ಅಂದ. ಯಾರಿಗೂ ತಿಳಿಯದ ಹಾಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ನಾಲಿಗೆಗೆ ಉಪ್ಪು, ಹುಳಿ, ಖಾರ ತಿಳಿಯುತ್ತದೆ, ಮೂಗು ಮಾತ್ರ ಈ ವಯಸ್ಸಿನಲ್ಲಿ ಮರಳುವುದು ಕಷ್ಟ ಎಂದರು.

ಅದೇ ವರ್ಷ ಅತ್ತೆ ಹೊಸನಗರದಲ್ಲಿ ಮನೆ ಕಟ್ಟಿಸಿದಳು. ಗೃಹಪ್ರವೇಶದ ಅಡುಗೆ ತಾನೇ ಮಾಡುತ್ತೇನೆಂದು ಅಜ್ಜ ಹಟ ಹಿಡಿದ. ಮೂಗಿನ ವಿಷಯ ಗೊತ್ತಿದ್ದವಳು ನಾನೊಬ್ಬಳೇ, ನಾನು ಬಾಯಿ ಬಿಡಲಿಲ್ಲ. ಮೊದಲ ಪಂಕ್ತಿಗೆ ಸಾರು ಬಡಿಸುತ್ತಿದ್ದಾಗ ಒಬ್ಬೊಬ್ಬರ ಬೆರಳೂ ಎಲೆಯ ತುದಿಗೆ ಹೋಗುವುದು ಕಂಡಿತು. ಹುಳಿ ಬರುವ ಹೊತ್ತಿಗೆ ಉಪ್ಪು ಇರುವ ಎಲೆಯೇ ಉಳಿದಿರಲಿಲ್ಲ.

ಜನ ಕೈತೊಳೆಯಲು ಎದ್ದರು. ನಾನು ಉಪ್ಪಿನ ಬಟ್ಟಲು ಹಿಡಿದು ಓಡಿದೆ. ಎಂಜಲು ಮಡಿ ಒಂದೂ ನೋಡದೆ, ಉಂಡ ಎಲೆಗಳಿಗೆಲ್ಲ ಚಿಟಿಕೆ ಚಿಟಿಕೆ ಉಪ್ಪು ಇಟ್ಟೆ. ಬಟ್ಟಲನ್ನು ಬಾಗಿಲ ಸಂದಿಯಲ್ಲಿ ಅಡಗಿಸುವುದಕ್ಕೂ ಅಜ್ಜ ಬರುವುದಕ್ಕೂ ಸರಿಹೋಯಿತು. ಮೊದಲ ಸಾಲು ನೋಡಿದ. ಎರಡನೆಯ ಸಾಲಿಗೆ ಬಂದು ನಿಂತುಬಿಟ್ಟ. ಆಗ ನನಗೂ ಕಂಡಿತು. ಬಡಿಸುವವರು ಎದುರು ನಿಲ್ಲುತ್ತಾರೆ, ಅವರ ಬಲ ಉಣ್ಣುವವರ ಎಡ. ಗಡಿಬಿಡಿಯಲ್ಲಿ ನಾನು ಆ ಸಾಲಿಗೆ ಉಣ್ಣುವವರು ಕೂರುವ ಕಡೆಯಿಂದ ಹೋಗಿ, ಅಭ್ಯಾಸಬಲದಿಂದ ನನ್ನ ಬಲಕ್ಕೇ ಇಟ್ಟಿದ್ದೆ. ಇಡೀ ಸಾಲಿನ ಉಪ್ಪು ಬಲತುದಿಯಲ್ಲಿ, ಪಾಯಸ ಬಡಿಸುವ ಜಾಗದಲ್ಲಿ, ಬೆಳ್ಳಗೆ ಕೂತಿತ್ತು.

ಅಜ್ಜ ನನ್ನ ಕಡೆ ನೋಡಲಿಲ್ಲ. 'ಉಪ್ಪು ಸರಿ ಇದ್ದು' ಅಂದ. ಒಳಗೆ ಹೋಗಿ ಸಹಾಯಕನಿಗೆ, 'ಎರಡನೇ ಪಂಕ್ತಿದು ನೀನೇ ನೋಡು' ಎಂದು ಹೇಳಿ ಸಟ್ಟುಗ ತೊಳೆದ. ಆಮೇಲೆ ಯಾರ ಮನೆಗೂ ಅಡುಗೆಗೆ ಹೋಗಲಿಲ್ಲ.

ಉಪ್ಪು ಕಮ್ಮಿಯಾದದ್ದನ್ನು ಅವನು ತಡೆದುಕೊಳ್ಳುತ್ತಿದ್ದನೋ ಏನೋ. ಅವನಿಗೆ ನಿಜ ಹೇಳುತ್ತಿದ್ದುದು ಎಲೆಗಳು ಮಾತ್ರ, ಅವುಗಳಿಂದಲೂ ನಾನು ಸುಳ್ಳು ಹೇಳಿಸಿದೆ. ನಾಚಿಕೆಯಾಗುತ್ತಿತ್ತು, ತಪ್ಪಾಯಿತು ಅನ್ನಲು ಬಾಯಿ ಬರಲಿಲ್ಲ. ಸಾಗರದ ಮನೆಯ ಅಡುಗೆಮನೆ ಅಮ್ಮನದು. ಅಜ್ಜ ಹೊಸ್ತಿಲವರೆಗೆ ಬಂದು, ಒಳಗೆ ಇಣುಕಿ, ಹಿಂದೆ ಹೋಗುತ್ತಿದ್ದನೆಂದು ಅಮ್ಮ ಫೋನಿನಲ್ಲಿ ಹೇಳುತ್ತಿದ್ದಳು. ಎಲ್ಲರೂ ಇದ್ದ ಮನೆಯಲ್ಲಿ ಅವನು ಒಬ್ಬಂಟಿಯಾಗಿದ್ದ.

ತೀರಿಕೊಳ್ಳುವ ಎರಡು ತಿಂಗಳ ಮುಂಚೆ ನನ್ನ ಈ ಮನೆಗೆ ಬಂದು ಎಂಟು ದಿನ ಇದ್ದ. ಭಾನುವಾರ ನಾನು ಹಿತ್ತಿಲ ಬಾಳೆಯಿಂದ ಎರಡು ಎಲೆ ಕೊಯ್ದು ತಂದೆ. ತಂಬುಳಿ, ಪಲ್ಯ, ತಿಳಿಸಾರು ಮಾಡಿದೆ. ನಡುವೆ ಶಾಲೆಯಿಂದ ಫೋನು ಬಂದು ಹತ್ತು ನಿಮಿಷ ಹೋಯಿತು. ಜೊತೆಗೇ ಕೂರೋಣ ಅಂದರೆ, ಅಜ್ಜ ಅಷ್ಟೂ ವರ್ಷಗಳಲ್ಲಿ ಮೊದಲ ಸಲ ತಾನೇ ಮೊದಲು ಕೂತ. 'ಇವತ್ತು ನೀನು ಬಡಿಸು' ಅಂದ. ಸಾರನ್ನ ಎರಡು ಸಲ ಹಾಕಿಸಿಕೊಂಡ. ಅವನು ಕೈತೊಳೆಯಲು ಹಿತ್ತಿಲಿಗೆ ಹೋದಾಗ ಎಲೆ ನೋಡಿದೆ. ಎಡತುದಿಯ ಉಪ್ಪು ಇಟ್ಟ ಹಾಗೇ ಇತ್ತು. ಹೆಮ್ಮೆಯಾಯಿತು.

ನಾನು ಬಡಿಸಿಕೊಂಡು ಸಾರನ್ನದ ಮೊದಲ ತುತ್ತು ಬಾಯಿಗಿಟ್ಟೆ. ಸಾರಿಗೆ ಉಪ್ಪು ಹಾಕಿಯೇ ಇರಲಿಲ್ಲ. ಅಜ್ಜನಿಗೆ ಹೋದದ್ದು ಮೂಗು, ನಾಲಿಗೆಯಲ್ಲ.

ಬೆರಳು ತಾನಾಗಿ ಎಲೆಯ ತುದಿಗೆ ಹೋಗಿತ್ತು, ಹಿಂದೆ ತೆಗೆದುಕೊಂಡೆ. ಕಣ್ಣೀರು ಬೀಳುತ್ತಿದ್ದರೂ ಬಿಡದೆ ಪೂರ್ತಿ ಉಂಡೆ. ಕೊನೆಯ ತುತ್ತಿಗೆ ಅಜ್ಜ ಬಂದು ಬಾಗಿಲಲ್ಲಿ ನಿಂತ. ಕೈ ಹಿಂದೆ ಕಟ್ಟಿಕೊಂಡಿದ್ದ. ನನ್ನ ಎಲೆಯನ್ನು ಸ್ವಲ್ಪ ಹೊತ್ತು ನೋಡಿದ.

'ಉಪ್ಪು ಸರಿ ಇದ್ದಲ್ದಾ ಕೂಸೆ?'

'ಸರಿ ಇದ್ದು ಅಜ್ಜ.'

ಆಮೇಲೆ ನನ್ನ ಎಲೆ ನೋಡಲು ಯಾರೂ ಬಂದಿಲ್ಲ.