ಮೈಕಣ್ಣನ ದನಿ

ಬಸ್ ನಿಲ್ದಾಣದಲ್ಲಿ ಇಪ್ಪತ್ತಾರು ವರ್ಷ ಬಸ್ಸುಗಳ ಹೊತ್ತು ಕೂಗಿ ಹೇಳಿದವನಿಗೆ ಜನ ಇಟ್ಟ ಹೆಸರು ಮೈಕಣ್ಣ. ಎದೆ ಹಿಡಿದುಕೊಂಡು ಕುಸಿದದ್ದೂ ಆ ಮೈಕಿನ ಮುಂದೆಯೇ. ಆಸ್ಪತ್ರೆಯವರು ಸ್ಟೆಂಟ್ ಹಾಕಿ ಮನೆಗೆ ಕಳಿಸಿದರು. ಜೀವ ಉಳಿಯಿತು, ದನಿ ಮಾತ್ರ ಉಡುಗಿಹೋಗಿತ್ತು. ನಾಲ್ಕು ಮಾತಾಡಿದರೆ ಉಸಿರು ಸಾಲದು.

ಮನೆ ಇರುವುದು ನಿಲ್ದಾಣದ ಹಿಂದಿನ ಬೀದಿಯಲ್ಲಿ. ಮೊದಲ ಮಧ್ಯಾಹ್ನ ಉಂಡು ಮಲಗಿದ್ದಾಗ ಕಿಟಕಿಯಿಂದ ತೇಲಿಬಂತು: “ಪ್ರಯಾಣಿಕರ ಗಮನಕ್ಕೆ...” ತುಂಬು ಕಂಠ. ತನ್ನದೇ! ಬಾಯಿ ಮುಟ್ಟಿ ನೋಡಿಕೊಂಡ, ತುಟಿ ಅಲ್ಲಾಡಿರಲಿಲ್ಲ.

“ಹಳೇ ರೆಕಾರ್ಡಿಂಗ್ ಕಣ್ರೀ. ನೀವು ವಾಪಸ್ ಬರೋವರೆಗೆ ಹಾಕ್ತಾರಂತೆ,” ಎಂದಳು ಹೆಂಡತಿ.

ಆಮೇಲೆ ಅರ್ಧ ಗಂಟೆಗೊಮ್ಮೆ ಅದೇ. ಮನೆಯವರೆಲ್ಲ ಪಿಸುಗುಡುತ್ತ ತುದಿಗಾಲಲ್ಲಿ ಓಡಾಡುತ್ತಿದ್ದರು. ಅವನು ಕಣ್ಣು ಮುಚ್ಚಿದರೆ ಸಾಕು, ಹೆಂಡತಿ ಮೂಗಿನ ಬಳಿ ಬೆರಳು ಹಿಡಿದು ನೋಡುವಳು. ಒಂದು ದಿನ ಅವಳನ್ನು ಕರೆದ; ಅದೇ ಗಳಿಗೆಗೆ ಹೊರಗಿನ ದನಿ ಎದ್ದಿತು. ಅವಳು “ಹಾಂ, ಬಂದೆ ರೀ” ಎಂದು ಕಿಟಕಿಯ ಕಡೆ ತಿರುಗಿ ಓಗೊಟ್ಟಳು.

ದಿನಾ ಸ್ವಲ್ಪ ಸ್ವಲ್ಪ ನಡೆಯಬೇಕೆಂದು ವೈದ್ಯರು ಹೇಳಿದ್ದರು. ಮೂರನೆಯ ವಾರ ಬೀದಿಯ ತಿರುವಿನವರೆಗೆ ಹೋದ. ಐದನೆಯ ವಾರ ನಿಲ್ದಾಣ ಮುಟ್ಟಿದ. ಬೆಂಚಿನ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದಾಗ ಪಕ್ಕದ ಮುದುಕಿ ಸ್ಪೀಕರಿನತ್ತ ಕೈ ತೋರಿಸಿದಳು.

“ಪಾಪ, ಈ ಮನುಷ್ಯ ಹೋಗ್ಬಿಟ್ಟನಂತೆ. ದನಿ ಒಂದು ಉಳ್ಕೊಂಡಿದೆ ನೋಡಪ್ಪ.”

“ಅದು ನಾನೇ ಅಮ್ಮಾ,” ಎಂದ. ಮೇಲಿನ ದನಿ ಆ ಮಾತನ್ನು ನುಂಗಿಬಿಟ್ಟಿತು. ಮುದುಕಿ ತಿರುಗಿಯೂ ನೋಡಲಿಲ್ಲ.

ಎದ್ದು ನೇರ ಮೈಕಿನ ಕೋಣೆಗೆ ನಡೆದ. ಅಲ್ಲಿ ಕೂತಿದ್ದ ಬಸ್ ಕಂಟ್ರೋಲರ್ ದೆವ್ವ ಕಂಡವನಂತೆ ಕುರ್ಚಿ ಬಿಟ್ಟು ಎದ್ದ. “ಅಣ್ಣಾ! ನೀವ್ಯಾಕೆ ಬರೋಕೆ ಹೋದ್ರಿ?”

“ಅವನನ್ನ ಮೊದಲು ಸುಮ್ನಿರ್ಸಪ್ಪ.”

ಕಂಟ್ರೋಲರ್ ರೆಕಾರ್ಡಿಂಗ್ ನಿಲ್ಲಿಸಿದ. ಮೈಕಣ್ಣ ಗುಂಡಿ ಒತ್ತಿದ. “ಪ್ರಯಾಣಿಕರ ಗಮನಕ್ಕೆ” ಎನ್ನುವಷ್ಟರಲ್ಲಿ ಉಸಿರು ಕಟ್ಟಿತು. ಸ್ಪೀಕರಿನಲ್ಲಿ ಬರೀ ಏದುಸಿರು. ಇಡೀ ನಿಲ್ದಾಣ ಗಪ್‌ಚುಪ್ಪಾಗಿ ತಲೆಯೆತ್ತಿತು. “ಹನ್ನೊಂದು ಗಂಟೆ ಬಸ್ಸು... ಹೊರಡ್ತಾ ಇದೆ,” ಎಂದು ಮುಗಿಸುವಾಗ ಅವನ ಅಂಗಿ ಬೆವರಿನಿಂದ ಒದ್ದೆಯಾಗಿತ್ತು.

ವೈದ್ಯರ ಒಪ್ಪಿಗೆ ಪಡೆದು ಈಗ ಬೆಳಗ್ಗೆ ಒಂದು ಗಂಟೆ ಹೊತ್ತು ಕೆಲಸಕ್ಕೆ ಹೋಗುತ್ತಾನೆ. ಸರಿಯಾಗಿ ಕೇಳಿಸದವರು ಬಾಗಿಲಿಗೇ ಬಂದು “ಏನಂದ್ರಿ ಸಾರ್?” ಎನ್ನುತ್ತಾರೆ; ಮುಖ ನೋಡಿಯೇ ಹೇಳುತ್ತಾನೆ. ಮಿಕ್ಕ ಹೊತ್ತೆಲ್ಲ ಆ ಇನ್ನೊಬ್ಬನದು. ಅವನು ಮಾತಾಡುವಾಗ ಮೈಕಣ್ಣ ತುಟಿ ಬಿಗಿಹಿಡಿದು ಕೂತಿರುತ್ತಾನೆ.