ಹೀಲಿಯಂ ಮೇಲಕ್ಕೇ ಏರುತ್ತದೆ

ನನ್ನ ಜಡೆ ಸೊಂಟ ದಾಟುತ್ತದೆ. ಕಿತ್ತೂರಿನ ಹೆದ್ದಾರಿ ಪಕ್ಕದ ನಮ್ಮ ಕಾರ್ಖಾನೆಯಲ್ಲಿ ಅದೇ ನನ್ನ ಅಪರಾಧವಾಗಿತ್ತು.

ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು ಬಳಸುವ ಉಕ್ಕಿನ ಡ್ರಮ್ಮುಗಳನ್ನು ಅಲ್ಲಿ ಮಾಡುತ್ತೇವೆ. ಡ್ರಮ್ಮಿಗೆ ಮೇಲೊಂದು ಕೆಳಗೊಂದು ಮುಚ್ಚಳ; ಡ್ರಮ್ಮಿಗೂ ಅವಕ್ಕೂ ನಡುವೆ ರಬ್ಬರ್ ಉಂಗುರ ಕೂರಿಸುವುದು ನಮ್ಮ ಮೂವರು ಹೆಂಗಸರ ಕೆಲಸ. ರಬ್ಬರಿನ ಮೇಲೆ ಒಂದೇ ಒಂದು ಕೂದಲು ಅಡ್ಡ ಬಿದ್ದರೂ ಅದರ ಪಕ್ಕದಿಂದ ಗಾಳಿ ಒಳಗೆ ನುಸುಳುತ್ತದೆ. ಹಾಗಾಗಿ ಯಾವ ಡ್ರಮ್ಮು ಸೋರಿದರೂ ಸೂಪರ್‌ವೈಜರ್ ಸಾಹೇಬರು ಮೊದಲು ನಮ್ಮ ತಲೆ ನೋಡುತ್ತಿದ್ದರು. ಟೋಪಿಯ ಕಟ್ಟುನಿಟ್ಟೂ ನಮಗೆ ಮಾತ್ರ. ಹದಿನೈದು ದಿನಕ್ಕೊಮ್ಮೆ ಮೆಹಂದಿ ಹಚ್ಚಿಸಿಕೊಳ್ಳುವ ಅವರ ತಲೆಗೆ ಅದು ಬೇಕಿರಲಿಲ್ಲ.

ಆ ದಿನ ಒಂದು ಡ್ರಮ್ಮು ಸೋರಿತು.

"ನಿಮ್ಮ ಕೂದಲಾ ಸಿಕ್ತಂದ್ರ ಮೂರೂ ಮಂದಿ ನಾಳಿಯಿಂದ ಪ್ಯಾಕಿಂಗಿಗೆ ಹೋಗ್ರಿ," ಅಂದರು ಸಾಹೇಬರು.

ಪ್ಯಾಕಿಂಗ್ ಅಂದರೆ ದಿನವಿಡೀ ರಟ್ಟಿನ ಡಬ್ಬಿಗೆ ಟೇಪು ಹಚ್ಚುವುದು. ಐದು ವರ್ಷ ಬೈಲಹೊಂಗಲದಿಂದ ಬಸ್ಸಿನಲ್ಲಿ ನಿಂತೇ ಬಂದು ಕಲಿತ ಕೆಲಸವನ್ನು ಬಿಟ್ಟುಕೊಡುತ್ತೇನೆಯೇ?

ಸೋರಿಕೆ ಹುಡುಕುವ ಯಂತ್ರ ಡ್ರಮ್ಮಿನೊಳಗಿನ ಗಾಳಿಯನ್ನು ಎಳೆಯುತ್ತಲೇ ಇರುತ್ತದೆ. ಹೊರಗಿನಿಂದ ನಾವು ಸಣ್ಣ ನಳಿಗೆಯಲ್ಲಿ ಹೀಲಿಯಂ ಊದುತ್ತೇವೆ. ಎಲ್ಲೋ ಸಂದು ಇದ್ದರೆ ಹೀಲಿಯಂ ಒಳನುಗ್ಗಿ ಯಂತ್ರ ಸೇರುತ್ತದೆ. ಬೇರೆ ಯಾವ ಗಾಳಿ ಬಂದರೂ ಯಂತ್ರಕ್ಕೆ ಪರಿವೆಯಿಲ್ಲ, ಹೀಲಿಯಂ ಬಂದರೆ ಮಾತ್ರ ಕೂಗುತ್ತದೆ.

ಸಾಹೇಬರು ಕೆಳಗಿನ ಮುಚ್ಚಳಕ್ಕೆ ಊದಿದರು. ಅದನ್ನು ಕೂರಿಸಿದವಳು ನಾನು. ಸ್ವಲ್ಪ ಹೊತ್ತಿಗೆ ಯಂತ್ರ ಕೂಗಿತು.

"ನೋಡ ತಂಗಿ, ನಿಂದ ಐತಿ."

"ತಡಾ ಆಗಿ ಕೂಗೇತ್ರಿ ಸಾಹೇಬ್ರ. ಹೀಲಿಯಂ ಹಗರ ಇರತೈತಿ, ತಾನ ಮ್ಯಾಲ ಹೋಗತೈತಿ. ಸಂದು ಮ್ಯಾಲಿದ್ರೂ ಹಿಂಗ ಕೂಗತೈತಿ. ಮ್ಯಾಲಿಂದ ಊದಕೋತ ಬರ್ರಿ."

"ಕುಣಿಲಾರದಾಕಿ ನೆಲಾ ಡೊಂಕ ಅಂದ್ಲಂತ," ಎಂದು ಅವರು ನಕ್ಕರು.

ಮೇಲಿನ ಮುಚ್ಚಳವನ್ನು ಹಾಕಿದವರು ಅವರೇ. ಹಿಂದಿನ ದಿನ "ಹೆಂಗ ಹಾಕೂದ ನೋಡಿ ಕಲೀರಿ" ಎಂದು ನಮ್ಮನ್ನು ಸಾಲಾಗಿ ನಿಲ್ಲಿಸಿ, ಬಗ್ಗಿ ಬಗ್ಗಿ ತೋರಿಸಿ ಹಾಕಿದ್ದರು.

ನಾನು ಅವರ ಕೈಯಿಂದ ನಳಿಗೆ ಕಿತ್ತುಕೊಂಡೆ. ಹೌದು, ಕಿತ್ತುಕೊಂಡೆ, ಕೇಳಲಿಲ್ಲ. ಫ್ಯಾನು ಆರಿಸಿ, ಯಂತ್ರದ ಅಂಕಿ ಇಳಿಯುವವರೆಗೆ ಕಾದು, ಸ್ಟೂಲು ಹತ್ತಿ ಮೇಲಿನ ಮುಚ್ಚಳದ ಅಂಚಿಗೆ ಒಂದಿಷ್ಟೇ ಊದಿದೆ. ಯಂತ್ರ ಆಗಿಂದಾಗಲೇ ಕೂಗಿಕೊಂಡಿತು.

"ಬಿಚ್ಚರಿ," ಅಂದೆ.

ಉಳಿದಿಬ್ಬರು ಹೆಂಗಸರು ಡ್ರಮ್ಮಿಗೆ ಗಾಳಿ ಬಿಟ್ಟು ಬೋಲ್ಟು ಬಿಚ್ಚಿದರು. ರಬ್ಬರಿನ ಮೇಲೆ ಕೂದಲಿತ್ತು. ಕಿರುಬೆರಳಿನಷ್ಟೂ ಉದ್ದವಿರಲಿಲ್ಲ. ಬುಡ ಬಿಳಿ, ಉಳಿದದ್ದು ಮೆಹಂದಿ ಕೆಂಪು.

ಸಾಹೇಬರ ಕೈ ತಾನಾಗಿ ತಲೆಗೆ ಹೋಯಿತು. ನಾನು ಆ ಕೂದಲನ್ನು ಎತ್ತಿ, ನಮ್ಮ ಕೂದಲು ಸಿಕ್ಕಾಗ ಅವರು ಅಂಟಿಸುತ್ತಿದ್ದ ಹಾಗೆಯೇ, ಬಿಳಿ ಹಾಳೆಯ ಮೇಲೆ ಟೇಪು ಹಚ್ಚಿ ಅಂಟಿಸಿದೆ.

"ಸಾಹೇಬ್ರ," ಅಂದೆ, "ನಾಳಿಯಿಂದ ಪ್ಯಾಕಿಂಗಿಗೆ ಯಾರು ಹೋಗೂದ್ರಿ?"