ಅಕ್ಕ ಮೂಸಿದ ಕಡಲೆಬೀಜ

ಮಂಗಳವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಟೆಸ್ಟಿಂಗಕ್ಕ ಕಡಲೆಬೀಜದ ಮೂಟೆಯ ಬಾಯಿ ಬಿಚ್ಚಿದರು. ಒಂದು ಹಿಡಿ ತೆಗೆದು ಅಂಗೈಯಲ್ಲಿ ಉಜ್ಜಿ, ಮೂಗಿನ ಹತ್ತಿರ ತಂದು, ಮನಸ್ಸಿನಲ್ಲೇ ಮೂರು ಎಣಿಸಿದರು. ಆಮೇಲೆ ಮೂಟೆಯನ್ನು ಬಲಕ್ಕೆ ತಳ್ಳಿದರು. ಬಲಕ್ಕೆ ಹೋದದ್ದು ಜನರಿಗೆ, ಎಡಕ್ಕೆ ಹೋದದ್ದು ದನದ ಕೊಟ್ಟಿಗೆಗೆ. ಎದುರು ಕೂತಿದ್ದ ಮೇಷ್ಟ್ರು ತಲೆಯೆತ್ತದೆ ಹಾಳೆಯಲ್ಲಿ ಗುರುತು ಹಾಕಿಕೊಂಡರು. ಅಕ್ಕನಿಗೆ ಯಾವ ವಾಸನೆಯೂ ಬಂದಿರಲಿಲ್ಲ. ಬರದೆ ಐದು ವಾರವಾಗಿತ್ತು.

ಈ ಫುಡ್ ಬ್ಯಾಂಕ್ ಇರುವುದು ಬಸ್ ಡಿಪೋದ ಹಿಂದೆ, ಹಳೇ ಟೈರ್ ಗೋದಾಮಿನಲ್ಲಿ. ಅಂಗಡಿ, ಗಿರಣಿಗಳಲ್ಲಿ ಮಾರಾಟವಾಗದೆ ಉಳಿದ ಹಿಟ್ಟು, ಬೇಳೆ, ಎಣ್ಣೆ, ಬಿಸ್ಕತ್ತು ವಾರಕ್ಕೆರಡು ಸಲ ವ್ಯಾನಿನಲ್ಲಿ ಬರುತ್ತದೆ. ಅದನ್ನು ಚೀಲಗಳಿಗೆ ತುಂಬಿ ಕೊಡುವವರು ಏಳು ಜನ, ಯಾರಿಗೂ ಸಂಬಳವಿಲ್ಲ. ಸಾಲಿನಲ್ಲಿ ನಿಂತವರ ಹೆಸರು, ವಿಳಾಸ ಕೇಳುವಂತಿಲ್ಲ. ಮನೆಯಲ್ಲಿ ಎಷ್ಟು ಜನ ಎಂದಷ್ಟೇ ಕೇಳುತ್ತಾರೆ. ಇದನ್ನು ನಡೆಸುವ ಮೇಷ್ಟ್ರು ಗಣಿತ ಕಲಿಸಿ ನಿವೃತ್ತರಾದವರು. ನಿಯಮ ಬರೆದವರೂ ಅವರೇ.

ಅಕ್ಕನಿಗೆ ಅರವತ್ತಮೂರು. ಬಿಸ್ಕತ್ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಇಪ್ಪತ್ತೇಳು ವರ್ಷ ಹಿಟ್ಟು, ಎಣ್ಣೆ, ಹಾಲಿನ ಪುಡಿ ಮೂಸಿ, ಆಗುತ್ತದೆ ಆಗುವುದಿಲ್ಲ ಎಂದು ಹೇಳುವುದೇ ಅವರ ಕೆಲಸವಾಗಿತ್ತು. ಟೆಸ್ಟಿಂಗಕ್ಕ ಎಂಬ ಹೆಸರು ಅಲ್ಲಿಂದಲೇ ಅಂಟಿಕೊಂಡು ಬಂತು. ಅವರು ಬರುವ ಮುಂಚೆ ಇಲ್ಲಿ ತಾರೀಖು ದಾಟಿದ್ದೆಲ್ಲ ಎಡಕ್ಕೆ ಹೋಗುತ್ತಿತ್ತು. ಬಂದ ವಾರವೇ ಅಕ್ಕ, "ತಾರೀಖು ಹಾಕೋದು ಮೆಷಿನ್ನು. ಅದಕ್ಕೇನು ಮೂಗಿದೆಯಾ?" ಎಂದರು. ಮೇಷ್ಟ್ರು ಒಪ್ಪಿದರು. ಅಂದಿನಿಂದ ಕಾಳು, ಹಿಟ್ಟಿನ ವಿಷಯದಲ್ಲಿ ಅಕ್ಕನದೇ ಕೊನೆಯ ಮಾತು.

"ಊರವರ ವಿಷಯಕ್ಕೆ ಮೂಗು ತೂರಿಸೋರು ಬೇಕಾದಷ್ಟಿದಾರೆ," ಎಂದು ವ್ಯಾನ್ ಡ್ರೈವರ್ ರೇಗಿಸುತ್ತಿದ್ದ. "ಊರವರ ಹಿಟ್ಟಿಗೆ ತೂರಿಸೋರು ನೀವೊಬ್ರೇ."

"ನಿನ್ನ ಸಾಕ್ಸಿಗೆ ತೂರಿಸಲ್ವಲ್ಲ, ಪುಣ್ಯ ಅಂದ್ಕೋ" ಎನ್ನುತ್ತಿದ್ದರು ಅಕ್ಕ.

ಐದು ವಾರದ ಹಿಂದೆ ಅಕ್ಕನಿಗೆ ಜ್ವರ ಬಂದು ಹೋಯಿತು. ವಾಸನೆಯೂ ಅದರ ಜೊತೆಗೇ ಹೋಯಿತು. ಅದು ಮೊದಲು ಗೊತ್ತಾದದ್ದು ಸೊಸೆಗೆ. ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ಹೊಗೆಯಾಡುತ್ತಿದ್ದರೆ, ಅತ್ತೆ ಅದರ ಪಕ್ಕದಲ್ಲೇ ಬೆನ್ನು ತಿರುಗಿಸಿ ನಿಂತು ತರಕಾರಿ ಹೆಚ್ಚುತ್ತಿದ್ದರು.

"ಅತ್ತೆ, ಮೂಗು ಎಲ್ಲಿಟ್ಟು ಬಂದಿದೀರಿ?"

"ನೆಗಡಿ ಕಣೇ."

ಇನ್ನೊಂದು ಸಲ ಹಾಗೇ ಆದಾಗ ಸೊಸೆ ತಮಾಷೆ ಮಾಡಲಿಲ್ಲ. "ಮನೇಲಾದ್ರೆ ನಾನಿದೀನಿ. ಅಲ್ಲಿ ಹೇಳಿಬಿಡಿ ಅತ್ತೆ."

"ಹೇಳಿದ್ರೆ ಚೀಲಕ್ಕೆ ದಾರ ಕಟ್ಟೋಕೆ ಕೂರಿಸ್ತಾರೆ. ಇವತ್ತಲ್ಲ ನಾಳೆ ಬರುತ್ತೆ, ಬಿಡು."

ದಾರ ಯಾರು ಬೇಕಾದರೂ ಕಟ್ಟಬಹುದು. ಆ ಮೇಜಿನಿಂದ ಎದ್ದರೆ ತನ್ನನ್ನು ಕೇಳುವವರಿರುವುದಿಲ್ಲ ಎಂಬುದು ಅಕ್ಕನ ಭಯವಾಗಿತ್ತು. ಹಾಗಾಗಿ ಕಣ್ಣು, ಬೆರಳುಗಳಿಂದಲೇ ಕೆಲಸ ನಡೆಸಿದರು. ಹುಳ ಕಾಣುತ್ತದೆ, ಗಂಟು ಕೈಗೆ ಸಿಗುತ್ತದೆ. ಕಡಲೆಬೀಜದ ಕಮಟು ಮಾತ್ರ ಕಾಣುವುದೂ ಇಲ್ಲ, ಕೈಗೆ ಸಿಗುವುದೂ ಇಲ್ಲ.

ಮಂಗಳವಾರದ ಆ ಮೂಟೆ ಅಂದೇ ಮೂವತ್ತೊಂದು ಚೀಲಗಳಿಗೆ ಹಂಚಿಹೋಯಿತು. ಶುಕ್ರವಾರ ಸಾಲು ಕರಗುವವರೆಗೆ ಕಾದು, ಒಬ್ಬ ಹೆಂಗಸು ಮೇಜಿನ ಮುಂದೆ ಬಂದು ನಿಂತರು. ಹಿಂದಿನ ಬೀದಿಯಲ್ಲಿ ಬಟ್ಟೆ ಇಸ್ತ್ರಿ ಮಾಡುವಾಕೆ. ಕೈಯಲ್ಲಿ ಕಡಲೆಬೀಜದ ಪೊಟ್ಟಣವಿತ್ತು.

"ಬೇಜಾರು ಮಾಡ್ಕೋಬೇಡಿ ಅಕ್ಕ. ಇದು ಕಮಟು ಬಂದಿದೆ. ನಾನೇ ಸರಿಯಾಗಿ ಇಡ್ಲಿಲ್ವೋ ಏನೋ."

ಮೇಷ್ಟ್ರು ಬಾಯಿ ಹಾಕಿದರು. "ಇಸ್ತ್ರಿ ಪೆಟ್ಟಿಗೆ ಪಕ್ಕ ಇಟ್ಟಿರ್ತೀಯಮ್ಮ. ಅಕ್ಕ ಮೂಸಿ ಕೊಟ್ಟ ಮಾಲು ಅದು."

ಇಸ್ತ್ರಿಯಾಕೆ ಅದನ್ನು ಇಟ್ಟಿದ್ದು ಅಡುಗೆಮನೆಯ ಮುಚ್ಚಳದ ಡಬ್ಬಿಯಲ್ಲಿ. ಆದರೂ, "ಇರ್ಬೇಕು ಸಾರ್, ಶಾಖ ತಗುಲಿರ್ಬೇಕು" ಎಂದು ತಲೆಯಾಡಿಸಿದರು.

ಅಕ್ಕ ಪೊಟ್ಟಣ ತೆಗೆದುಕೊಂಡು, ಅಭ್ಯಾಸದಂತೆ ಮೂಸಿದರು. ಏನೂ ಇಲ್ಲ. ಎರಡು ಬೀಜ ಬಾಯಿಗೆ ಹಾಕಿಕೊಂಡರು. ನಾಲಿಗೆಗೆ ಕಹಿ ತಗುಲಿತು.

"ಮೇಷ್ಟ್ರೇ, ಅವರ ತಪ್ಪೇನಿಲ್ಲ. ನಂಗೆ ಐದು ವಾರದಿಂದ ವಾಸನೆ ಬರ್ತಿಲ್ಲ."

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು. "ಐದು ವಾರ ಅಂದ್ರೆ ಹತ್ತು ಸಲ."

"ಹೌದು."

"ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳ್ಬೇಕಿತ್ತು."

ಉಳಿದ ಮೂವತ್ತು ಚೀಲ ಯಾವ ಮನೆಗೆ ಹೋದವು ಎಂದು ತಿಳಿಯಲು ದಾರಿಯಿರಲಿಲ್ಲ. ಹೆಸರು ಬರೆದುಕೊಳ್ಳದಿರುವುದೇ ಇಲ್ಲಿನ ನಿಯಮ. ಇಸ್ತ್ರಿಯಾಕೆ ಸ್ವಲ್ಪ ಯೋಚಿಸಿ, "ಸಾಲಲ್ಲಿ ನಿಲ್ಲೋರು ಸುಮಾರು ಜನ ನಂಗೆ ಗೊತ್ತು. ಬೀದಿ ಬದಿ ನಿಂತೋಳಿಗೆ ಗೊತ್ತಿಲ್ದಿರೋದು ಯಾವ್ದು?" ಎಂದರು.

ಶನಿವಾರ ಅಕ್ಕ, ಇಸ್ತ್ರಿಯಾಕೆ ಇಬ್ಬರೂ ಮನೆ ಮನೆ ಸುತ್ತಿದರು. ಇಪ್ಪತ್ತೊಂದು ಮನೆ ಸಿಕ್ಕವು. ಹೆಚ್ಚಿನವರು ಬೀಜವನ್ನು ಆಗಲೇ ಎಸೆದಿದ್ದರು, ದೂರು ಮಾತ್ರ ಒಬ್ಬರೂ ಹೇಳಿರಲಿಲ್ಲ. ಒಬ್ಬಾಕೆ, ಅಕ್ಕ ನೋಡಿ ಕೊಟ್ಟಿದ್ದಲ್ವಾ ಎಂದು ಎರಡೆರಡು ಸಲ ಹುರಿದು ನೋಡಿದ್ದರು. ಒಬ್ಬ ಪ್ಲಂಬರ್‌ನ ತಾಯಿ ಮಾತ್ರ ಅಷ್ಟನ್ನೂ ತಿಂದು ಮುಗಿಸಿದ್ದರು.

"ಕಹಿ ಇತ್ತು. ನನ್ನ ನಾಲಿಗೆಗೇ ವಯಸ್ಸಾಯ್ತು ಅಂದ್ಕೊಂಡೆ."

"ಹೊಟ್ಟೆ?"

"ಒಂದಿನ ಕೆಟ್ಟಿತ್ತು. ಈಗ ಆರಾಮು. ನೀವ್ಯಾಕಮ್ಮ ಹಿಂಗೆ ನಿಂತಿದೀರ, ಕೂತ್ಕೊಳ್ಳಿ."

ಅಕ್ಕ ಕೂತು, ವಿಷಯ ಮೊದಲಿನಿಂದ ಹೇಳಿದರು. ಮೊದಲ ಮನೆಯಲ್ಲಿ ಜ್ವರದ ಕತೆ, ಕಾರ್ಖಾನೆಯ ಕತೆ ಎಲ್ಲ ಸೇರಿತ್ತು. ಕೊನೆಯ ಮನೆಗಳಲ್ಲಿ ಉಳಿದದ್ದು ಇಷ್ಟೇ: "ನಂಗೆ ವಾಸನೆ ಬರಲ್ಲ. ಗೊತ್ತಿದ್ದೂ ಕೊಟ್ಟೆ."

ಭಾನುವಾರ ಮೇಷ್ಟ್ರು, ಮತ್ತೆ ತಾರೀಖನ್ನೇ ನೋಡೋಣ ಎಂದರು. ಹಾಗೆ ಮಾಡಿದರೆ ಮೂರರಲ್ಲೊಂದು ಮೂಟೆ ಎಡಕ್ಕೆ ಹೋಗುತ್ತದೆ ಎಂಬ ಲೆಕ್ಕವನ್ನೂ ಅವರೇ ಹೇಳಿದರು. ಅಕ್ಕ ಎದ್ದು ಇಸ್ತ್ರಿ ಅಂಗಡಿಗೆ ಹೋದರು. ಮೇಷ್ಟ್ರೂ ಹಿಂದೆಯೇ ಬಂದರು. ತನ್ನ ಬದಲು ಮಾಲು ಮೂಸಲು ಬರುತ್ತೀರಾ ಎಂದು ಅಕ್ಕ ಕೇಳಿದರು.

"ನಂಗೇನು ಬರುತ್ತೆ ಅಕ್ಕ?" ಎಂದರು ಇಸ್ತ್ರಿಯಾಕೆ.

"ಬಟ್ಟೆ ಸುಡೋಕೆ ಮುಂಚೆ ಗೊತ್ತಾಗುತ್ತಾ, ಸುಟ್ಟ ಮೇಲಾ?"

"ಸುಟ್ಟ ಮೇಲಾದ್ರೆ ಅಂಗಡಿ ಉಳೀತಿತ್ತಾ?"

"ಅಷ್ಟು ಸಾಕು. ಹಳೇ ಹಿಟ್ಟಿಗೆ ಒದ್ದೆ ರಟ್ಟಿನ ವಾಸನೆ, ಕೆಟ್ಟ ಹಾಲಿನ ಪುಡಿಗೆ ಅಂಟಿನ ವಾಸನೆ. ಉಳಿದದ್ದು ಪಕ್ಕದಲ್ಲಿ ಕೂತು ಹೇಳ್ಕೊಡ್ತೀನಿ."

"ನಾನು ಚೀಲ ತಗೊಳ್ಳೋಳು. ಆ ಕಡೆ ಹೆಂಗೆ ಕೂರಲಿ?"

"ಕೂರಬಾರ್ದು ಅಂತ ನಿಯಮದಲ್ಲಿಲ್ಲಮ್ಮ," ಎಂದರು ಮೇಷ್ಟ್ರು. "ಬರೆದವನು ನಾನೇ."

ಮಂಗಳವಾರ ಎಂಟೂವರೆಗೆ ಇಸ್ತ್ರಿಯಾಕೆಯ ಮೊದಲ ದಿನ. ಇನ್ನೂ ಸಿಗದ ಒಂಬತ್ತು ಮನೆಯವರಿಗಾಗಿ, ಅಂದು ಚೀಲ ಕೊಡುವ ಮುಂಚೆ ಅಕ್ಕ ಗೇಟಿನ ಹತ್ತಿರ ನಿಂತು ಇಡೀ ಸಾಲಿಗೆ ವಿಷಯ ಹೇಳಲಿದ್ದಾರೆ.